ಹೊಳೆಗೆ ಮರಳಿದ ತೂಕದ ಕಲ್ಲುಗಳು

ಹಸಿರು ಕಿಲುಬು ಹಿಡಿದ ಒಂದು ತಕ್ಕಡಿ. ಮೊನ್ನೆ ತಂಗಿಯ ಮಗ ನನ್ನ ಫೋನಿನಲ್ಲಿ ಒಂದು ವಿಡಿಯೊ ಹಾಕಿ ತೋರಿಸಿದ. ದೂರದ ದೇಶದಲ್ಲಿ ಯಾರೋ ಒಬ್ಬಾತ ಲೋಹ ಹುಡುಕುವ ಯಂತ್ರ ಹಿಡಿದು ಹೊಲದಲ್ಲಿ ತಿರುಗುತ್ತಿದ್ದನಂತೆ. ಯಂತ್ರ ಕುಂಯ್‌ಗುಟ್ಟಿತು, ಅಗೆದರು, ರೋಮನ್ನರ ಕಾಲದ ಕಂಚಿನ ತಕ್ಕಡಿ ಸಿಕ್ಕಿತು. ಪುರಾತತ್ವದವರು ಕುಂಚದಿಂದ ಮೆಲ್ಲಗೆ ಮಣ್ಣು ಬಿಡಿಸುತ್ತಿದ್ದರು. ಬಾಗಿದ ದಂಡಿ, ಹಪ್ಪಳದಂಥ ತಟ್ಟೆ...

“ದೊಡ್ಡವ್ವ, ಈ ಮಶಿನ್ ತಂದು ನಿಮ್ಮ ಜುಗೂಳದ ಹೊಳ್ಯಾಗ ಹುಡುಕಿದ್ರ ಏನರ ಸಿಗತೈತಿ ನೋಡು,” ಎಂದ.

“ಸುಮ್ಮ ಕುಂಡ್ರಲೇ!” ಎಂದು ಗದರಿಬಿಟ್ಟೆ. ಪಾಪ, ಅವನಿಗೇನು ಗೊತ್ತು? ಆ ಹೊಳೆಯಲ್ಲಿ ಏನು ಸಿಗುತ್ತದೆಂದು ನನಗೆ ಗೊತ್ತು. ಅದಕ್ಕೇ ಅಂಜಿಕೆ.

ನನ್ನ ತವರೂರು ಜುಗೂಳದಲ್ಲಿ ನಮ್ಮ ಎದುರುಮನೆಯ ಕಾಕಾ ಕಬ್ಬು ಬೆಳೆದು, ಸ್ವಂತ ಗಾಣದಲ್ಲಿ ಬೆಲ್ಲ ಮಾಡುತ್ತಿದ್ದರು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಗಾಣದ ಚಪ್ಪರದ ತೊಲೆಗೆ ಸರಪಳಿಯಿಂದ ತೂಗುಹಾಕಿದ ದೊಡ್ಡ ತಕ್ಕಡಿ. ಅಂಗಡಿಯ ಕಬ್ಬಿಣದ ತೂಕಗಳು ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಅಜ್ಜ ಹೊಳೆಯಿಂದ ಹೊತ್ತು ತಂದು ತೂಕ ಹೊಂದಿಸಿಟ್ಟ ನುಣ್ಣನೆಯ ಗುಂಡುಕಲ್ಲುಗಳೇ ಆಗಬೇಕು. ಎಣಿಸುವಾಗ ‘ಒಂದು’ ಅನ್ನದೆ ‘ಲಾಭ’ ಎಂದು ಶುರು ಮಾಡುವುದು ನಮ್ಮ ಕಡೆಯ ರೂಢಿ. ಕಾಕಾ ಅದನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಮಾತುಮಾತಿಗೆ ನಗುವ ಮನುಷ್ಯ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಅವಳನ್ನು ಗಂಡನ ಮನೆಗೆ ಕಳಿಸುವವರೆಗೂ, ವರ್ಷದ ಮೊದಲ ಬೆಲ್ಲವನ್ನು ಅವಳ ತೂಕಕ್ಕೆ ತೂಗಿ ಊರಿಗೆ ಹಂಚುತ್ತೇನೆಂದು ಕಾಕಾ ದಂಡೆಯಲ್ಲಿ ನಿಂತು ಹೊಳೆಗೇ ಹರಕೆ ಹೊತ್ತಿದ್ದರು. ಒಂದು ತಟ್ಟೆಯಲ್ಲಿ ಬೆಲ್ಲದ ಪೆಂಟೆ, ಇನ್ನೊಂದರಲ್ಲಿ ಅವಳು, ಕಾಲು ಮಡಚಿ, ಸರಪಳಿ ಹಿಡಿದು... ಏನು ಗತ್ತು! ಇಳಿಯುತ್ತಲೇ ಕಾಕು ದೃಷ್ಟಿ ತೆಗೆಯುತ್ತಿದ್ದಳು. ನಮಗೆಲ್ಲ ಒಳಗೊಳಗೇ ಹೊಟ್ಟೆಕಿಚ್ಚು, ಬಾಯಿ ತುಂಬ ಬೆಲ್ಲ.

ದೊಡ್ಡವಳಾದ ವರ್ಷ ಅವಳು ಒಲ್ಲೆನೆಂದಳು. “ಅಪ್ಪಾ, ನಾ ಏನ್ ಸಣ್ಣ ಕೂಸೇನು? ಮಂದಿ ಮುಂದ ತಕ್ಕಡ್ಯಾಗ ಕುಂಡ್ರಂಗಿಲ್ಲ.”

ಕಾಕು ಬೈದಳು. ಕಾಕಾ ನಕ್ಕರು. ಮಗಳ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ. ಅವಳನ್ನೊಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, ಅಂದಾಜಿನ ಮೇಲೆ ಅವಳ ಜಾಗದಲ್ಲಿ ಕಲ್ಲುಗಳನ್ನು ಪೇರಿಸಿದರು. ಅಷ್ಟು ತೂಕದ ಬೆಲ್ಲ ಹಂಚಿದರು. ಹರಕೆ ತೀರಿತೆಂದೇ ಎಲ್ಲರೂ ತಿಳಿದೆವು. ಬೆಲ್ಲ ಎಂದಿನಂತೆ ಸಿಹಿಯಾಗಿಯೇ ಇತ್ತು.

ಆ ಮಳೆಗಾಲದಲ್ಲಿ ಬಟ್ಟೆ ಒಗೆಯಲು ಹೋದವಳು ಹೊಳೆಯ ಪಾಲಾದಳು. ಅಂಬಿಗರು ಕೆಳಗೆ ಅಂಕಲಿಯವರೆಗೂ ಹುಡುಕಿದರು. ಸಿಗಲಿಲ್ಲ. ಹಿಂಡಿಟ್ಟ ಬಟ್ಟೆಗಳು ಮಾತ್ರ ಹೊಳೆಯ ಮೆಟ್ಟಿಲ ಮೇಲಿದ್ದವು.

ಕಾಕಾ ಅಳಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಅವ್ವನಿಗೆ ಹೇಳಿದರು: “ವೈನಿ, ನಾನೇ ಕೊಟ್ಟೇನ್ರಿ. ಆಕಿ ಜಾಗಾದಾಗ ಹೊಳೀ ಕಲ್ಲ ಇಟ್ಟೆ. ಹೊಳಿ ತನ್ನ ಕಲ್ಲ ಅಂತ ತಿಳದು ಆಕಿನ್ನ ತಗೊಂಡ ಹೋತು.”

“ಹಂಗ್ಯಾಕ ಅಂತೀರಿ?” ಎಂದು ಅವ್ವ ಕಣ್ಣೊರೆಸಿಕೊಂಡಳು. ಕಾಕಾರ ಕಿವಿಗೆ ಅದು ಬೀಳಲೇ ಇಲ್ಲ.

ನೆರೆ ಇಳಿದ ಮೇಲೆ ತಕ್ಕಡಿಯನ್ನೂ ಕಲ್ಲುಗಳನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಹೊಳೆಗೆ ಹೋದರು. ಊರೆಲ್ಲ ದಂಡೆಯ ಮೇಲೆ ನಿಂತಿತ್ತು. ಕಲ್ಲುಗಳನ್ನು ನೀರಿಗೆ ಬಿಡುತ್ತ ಎಣಿಸಿದರು. ಅವತ್ತು ‘ಲಾಭ’ ಎನ್ನಲಿಲ್ಲ, ‘ಒಂದು’ ಅಂದರು. ಕೊನೆಗೆ ತಕ್ಕಡಿಯನ್ನೂ ಬಿಟ್ಟರು. “ನಿನ್ನವು ನಿನಗ ಮುಟ್ಟಿದ್ವು. ನನ್ನ ಕೂಸು ನನಗ ಕೊಡು,” ಎಂದು ಕೈಚಾಚಿ ನಿಂತರು.

ಹೊಳೆ ಕೊಡಲಿಲ್ಲ. ಕಾಕಾ ಗಾಣ ನಿಲ್ಲಿಸಿದರು. ಬೇಸಿಗೆಯಲ್ಲಿ ನೀರು ಬತ್ತಿದಾಗ ಪಾತ್ರದಲ್ಲಿ ಕೂತು, “ಸರಪಳಿ ಸಪ್ಪಳ ಕೇಳಸ್ತೇನ? ತಕ್ಕಡ್ಯಾಗ ಕುಂತಾಳ ಆಕಿ,” ಎನ್ನುತ್ತಿದ್ದರು. ತಲೆ ಕೆಟ್ಟಿದೆ ಎಂದಿತು ಊರು. ತವರಿಗೆ ಹೋದಾಗೊಮ್ಮೆ, ಹೊತ್ತು ಮುಳುಗುವಾಗ, ನಾನೂ ಕೇಳಿದ್ದೇನೆ... ಯಾರದೋ ಎಮ್ಮೆಯ ಸರಪಳಿ ಇರಬೇಕು. ಎಮ್ಮೆ ಮಾತ್ರ ಕಾಣಲಿಲ್ಲ. ಹಾಗೆ ಕಾಯುತ್ತಲೇ ಕಾಕಾ ತೀರಿಹೋದರು.

ಆ ವಿಡಿಯೊ ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ. ಈಗ ನಾನಿರುವ ನಿಪ್ಪಾಣಿಯಿಂದ ಬಸ್ಸು ಬದಲಿಸುತ್ತ ಊರಿಗೆ ಹೋದೆ. ಕಾಕು ಸೊರಗಿ ಮುಷ್ಟಿಯಷ್ಟಾಗಿದ್ದಾಳೆ. ಈ ಸುದ್ದಿ ತೆಗೆಯಬಾರದು ಎಂದುಕೊಂಡೇ ಹೋಗಿದ್ದೆ. ನನ್ನ ಬಾಯಿ ಕೇಳಬೇಕಲ್ಲ! ತೋರಿಸಿಯೇಬಿಟ್ಟೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಎಷ್ಟ ವರ್ಷದ್ದವಾ ಇದು?”

“ಎರಡ ಸಾವಿರ ಆಗಿರಬೇಕು ಕಾಕು.”

“ಅವರದರ ಸಿಕ್ಕತಲ್ಲ,” ಎಂದಳು.

ಆಮೇಲೆ ಫೋನನ್ನು ನನ್ನ ಮಡಿಲಲ್ಲಿಟ್ಟು, ಎದುರಿನ ಗೋಡೆ ನೋಡುತ್ತ ಹೇಳಿದಳು: “ವರ್ಷಾ ವರ್ಷಾ ಆಕಿ ತೂಕ ನನಗ ಬಾಯಿಪಾಠ ಇತ್ತು. ಆ ವರ್ಷದ್ದೊಂದ ಇಲ್ಲ. ನಿಮ್ಮ ಕಾಕಾ ಅಂದಾಜ ಮ್ಯಾಲ ಕಲ್ಲ ಇಟ್ರು... ಕಡೀಕ ಆಕಿ ಖರೇ ಎಷ್ಟ ಭಾರ ಇದ್ಲು, ಹಡದಾಕಿಗೇ ಗೊತ್ತಿಲ್ಲ ನೋಡವಾ.”