ನಾನು ನಕ್ಕೆನಂತೆ

ನನ್ನ ಗೆಳೆಯ ಭಾಷಣಕ್ಕೆ ನಿಂತನೆಂದರೆ ಅವನ ಕತೆಯೊಳಗೆ ನಾನು ನಗಲೇಬೇಕು. ಶಿರಹಟ್ಟಿಯಲ್ಲಿ ಅವನು ಅಂಬುಲೆನ್ಸ್ ಕೊಟ್ಟ ದಿನ ಬರೇ ನಕ್ಕಿದ್ದೆ. ಮುಂಡರಗಿಯ ಶಾಲೆಗೆ ಕಂಪ್ಯೂಟರ್ ಕೊಟ್ಟಾಗ ಟೇಬಲ್ ಬಡಿದು ನಕ್ಕೆ. ಮಾಗಡಿ ಕೆರೆಯ ದಂಡೆಯಲ್ಲಿ, ಹಕ್ಕಿ ನೋಡಲು ಬರುವವರಿಗೆಂದು ಅವನು ಕಟ್ಟಿಸಿದ ಗೋಪುರದ ಉದ್ಘಾಟನೆಯ ಹೊತ್ತಿಗೆ, ನಗುನಗುತ್ತಾ ನನ್ನ ಮೂಗಿನಿಂದ ಚಹಾ ಬಂದಿತ್ತು.

"ನನ್ನ ವಿಚಾರ ಕೇಳಿ ಎಂ.ಎ. ಓದಿದ ನನ್ನ ಗೆಳೆಯನ ನಕ್ಕುಬಿಟ್ಟಾನ್ರಿ. ಆ ನಗಿಗೆ ಬಂದ ಹಟದಿಂದ ನಾ ಇಲ್ಲೀತನಕ ಬಂದೀನಿ" ಎಂದು ಅವನು ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಮುಂದಿನ ಸಾಲಿನವರು ಹೊರಳಿ ನನ್ನನ್ನು ನೋಡುತ್ತಾರೆ.

ನನಗೆ ನೆನಪಿರುವುದು ಬೇರೆ. ಧಾರವಾಡದಲ್ಲಿ ಓದು ಮುಗಿಸಿ ಬಂದು ಇಬ್ಬರೂ ಕೆಲಸವಿಲ್ಲದೆ ತಿರುಗುತ್ತಿದ್ದ ಕಾಲ ಅದು. ಅವನ ತಂದೆ ಗದಗ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟವರು. ನಾನು ಕುರ್ತಕೋಟಿಯ ಒಕ್ಕಲು ಮನೆತನದವನು. ಬೆಟಗೇರಿಯ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಕೂತಿದ್ದಾಗ ಅವನು ತನ್ನ ವಿಚಾರ ಹೇಳಿದ. ಹೆಸರುಕಾಳು, ಕಡಲೆ, ಉಳ್ಳಾಗಡ್ಡಿ, ಒಣಮೆಣಸಿನಕಾಯಿಗಳ ಆಯಾ ದಿನದ ದರವನ್ನು ಇಂಟರ್ನೆಟ್ಟಿನಲ್ಲಿ ಹಾಕೋಣ, ರೈತ ಮನೆ ಬಿಡುವ ಮೊದಲೇ ಅವನಿಗೆ ದರ ತಿಳಿಯಲಿ ಎಂದ. ನಾನು ನಗಲಿಲ್ಲ. ಕೇಳಿದೆ.

"ಆ ದರ ಖರೆ ಅಂತ ಯಾರು ಹೇಳಬೇಕಲೇ? ಒಬ್ಬ ದಲಾಲ ಹೇಳಿದ್ದು ಹಾಕಿದ್ರ ಅದೂ ನಿಮ್ಮಪ್ಪನ ಅಂಗಡಿ ಆತು. ಇಬ್ಬರ ಬಾಯಿಲೆ ಕೇಳಿ ಹಾಕು."

ಇಬ್ಬರ ಬಾಯಿಂದ ಕೇಳದೆ ಯಾವ ದರವನ್ನೂ ಹಾಕದ ಅವನ ಜಾಲತಾಣವನ್ನು ರೈತರು ನಂಬಿದರು. ರೈತರು ನಂಬಿದರೆಂದು ಮುಂಬೈಯ ಒಂದು ಕಂಪನಿ ಅದನ್ನು ಕೊಂಡಿತು. ಆಮೇಲೆ ಅವನು ಬೇರೆಯವರ ಕಂಪನಿಗಳಲ್ಲಿ ಹಣ ಹೂಡುವವನಾದ, ಅದಾದ ಮೇಲೆ ದಾನಿಯಾದ. ನಾನು ಲಕ್ಷ್ಮೇಶ್ವರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿ, ತಲೆ ನರೆತರೂ ಅತಿಥಿಯಾಗಿಯೇ ಉಳಿದೆ. ನನ್ನಿಂದ ಈ ಜಗತ್ತಿಗೆ ಏನಾದರೂ ಸಂದಿದ್ದರೆ ಅದು ಆ ಒಂದು ಪ್ರಶ್ನೆ ಮಾತ್ರ.

ಕಳೆದ ವರ್ಷ ಅವನು ಲಕ್ಷ್ಮೇಶ್ವರದಲ್ಲಿ, ತೀರಿಹೋದ ತಂದೆಯ ಹೆಸರಿನಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆಂದು ಅಧ್ಯಯನ ಕೇಂದ್ರ ಕಟ್ಟಿಸಿ ನನಗೆ ಫೋನ್ ಮಾಡಿದ.

"ಅದಕ್ಕ ನೀನ ನಿರ್ದೇಶಕ ಆಗಬೇಕಲೇ. ಕಾಯಂ ನೌಕರಿ. ಉದ್ಘಾಟನಾ ದಿನ ವೇದಿಕಿ ಮ್ಯಾಲ ಆ ನಗಿ ಕತಿ ಈ ಸಲ ನೀನ ಹೇಳು. ನಾ ಹೇಳಿ ಹೇಳಿ ಹಳೇದಾಗೇತಿ."

"ನಾ ನಕ್ಕಿಲ್ಲೋ. ಕೇಳಿದ್ದೆ."

"ಏನ್ ಕೇಳಿದ್ದಿ?"

ಹೇಳಿದೆ. ಅವನು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಬ್ಬರ ಬಾಯಿಲೆ ಕೇಳು ಅಂದಿದ್ದು ನಮ್ಮಪ್ಪಲೇ. ಕೇಂದ್ರದ ಗ್ವಾಡಿ ಮ್ಯಾಲ ಅಪ್ಪನ ಫೋಟೋದ ಕೆಳಗ ಅದನ್ನ ಬರಸೇನಿ. ನೀ ಆಗ ನಗಾಕ ಹತ್ತಿದ್ದಿ, ನಿನಗೆಲ್ಲಿ ಕೇಳಸಬೇಕು?"

ಅವನು ಸುಳ್ಳು ಹೇಳುವವನಲ್ಲ. ನನ್ನ ನೆನಪನ್ನೂ ನಾನು ನಂಬುವವನಲ್ಲ. ಆ ಸೆಂಟರಿನ ಗೋಡೆಯ ಬಣ್ಣ ಕೇಳಿದರೆ ಒಮ್ಮೆ ನೀಲಿ ಎನ್ನುತ್ತೇನೆ, ಒಮ್ಮೆ ಹಸಿರು. ಹಾಗಾಗಿ ನನ್ನ ನಿಯಮವನ್ನು ನನಗೇ ಹಾಕಿಕೊಂಡೆ. ಇಬ್ಬರನ್ನು ಕೇಳಬೇಕು.

ಬಸ್ಸು ಹಿಡಿದು ಬೆಟಗೇರಿಗೆ ಹೋದೆ. ಸೆಂಟರಿನ ಮಾಲೀಕ ಈಗ ಝೆರಾಕ್ಸ್ ಮಾಡುತ್ತಾನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾನೆ. ಗೋಡೆಯ ಮೇಲೆ ನನ್ನ ಗೆಳೆಯನ ಫೋಟೋ, ಅದರ ಕೆಳಗೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. "ಸಾಹೇಬ್ರು ಕುಂತಿದ್ದ ಕುರ್ಚಿರಿ ಇದು" ಎಂದ. ಕಾಲೇಜಿನ ಹುಡುಗರು ಬಂದು ಅದರಲ್ಲಿ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ನನ್ನ ನೆನಪಿನಲ್ಲಿ ಅಲ್ಲಿದ್ದದ್ದು ಕಟ್ಟಿಗೆಯ ಬೆಂಚು.

"ಅವತ್ತು ನಾ ನಕ್ಕಿದ್ನೇನ್ರಿ?"

"ನೀವಾ?" ಆತ ನನ್ನ ಮುಖವನ್ನೇ ನೋಡಿದ. "ಖರೆ ಹೇಳ್ಬೇಕಂದ್ರ ಸರ್, ನೀವು ನಕ್ಕಿದ್ದು ನಾ ಯಾವತ್ತೂ ನೋಡಿಲ್ರಿ."

ನನಗೆ ಹೋದ ಜೀವ ಬಂದಂತಾಯಿತು.

"ಆದ್ರ ನೀವು ನಕ್ಕಿರಿ ಅಂತ ಸಾಹೇಬ್ರು ಅಂತಾರಂದ್ರ ನಕ್ಕಿರಬೇಕ್ರಿ. ಅಷ್ಟು ಮಂದಿ ಮುಂದ ಸುಳ್ಳ್ಯಾಕ ಹೇಳ್ತಾರ? ಪ್ರತಿ ಸಲ ನನ್ನ ಅಂಗಡಿ ಹೆಸರು ತಗೋತಾರ ಅವರು."

"ಅವರಪ್ಪ ಇಲ್ಲಿಗೆ ಬರ್ತಿದ್ರೇನು?"

"ನೆನಪಿಲ್ರಿ. ಬಂದಿರಬೇಕು ಬಿಡ್ರಿ, ಮಗನ ಇಲ್ಲಿದ್ದ ಮ್ಯಾಲ."

ಎರಡನೆಯವಳು ನನ್ನ ಹೆಂಡತಿ. ಅವಳು ಅಂದು ಅಲ್ಲಿರಲಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ, ಗೆಳೆಯನ ಭಾಷಣಗಳು ಶುರುವಾಗುವುದಕ್ಕೂ ಮುಂಚೆ, ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಈಗ ಕೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಕ್ಕಿದ್ದೆ ಅಂತ ನೀವ ಹೇಳೀರಲ್ಲ."

"ನಾನಾ? ಯಾವಾಗ?"

"ನೀವರ ಹೇಳೀರಿ, ಇಲ್ಲಾ ಮುಂಡರಗಿ ಭಾಷಣದಾಗ ಅಣ್ಣಾರು ಹೇಳ್ಯಾರ. ನನ್ನ ತಲ್ಯಾಗ ಎಲ್ಲಾ ಕೂಡೇತಿ." ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು. "ನಕ್ಕೀನಿ ಅಂದ್ರ ನಿಮ್ಮ ಗಂಟೇನು ಹೋಗತೈತಿ? ವರ್ಷಾ ವರ್ಷಾ ಆ ಕಾಲೇಜಿನ ಬಾಗಲಾಗ ಕೈ ಕಟ್ಟಿ ನಿಂದ್ರೂದರ ತಪ್ಪತೈತಿ."

ನನ್ನ ಗಂಟು ಏನು ಹೋಗುತ್ತದೆ ಎಂಬುದನ್ನು ಅವಳಿಗೆ ಹೇಳಲು ಹೋದೆ. ಬಾಯಿಗೆ ಬಂದದ್ದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅರ್ಧಕ್ಕೇ ನಿಲ್ಲಿಸಿದೆ.

ಉದ್ಘಾಟನೆಯ ದಿನ ವೇದಿಕೆಯ ಮೇಲೆ ನಕ್ಕೆನೆಂದೇ ಹೇಳಿದೆ. ಮೊದಲ ಮಾತಿಗೆ ಯಾರೂ ನಗಲಿಲ್ಲ. ಎರಡನೆಯದಕ್ಕೆ ಯಾರೋ ಕಿಸಕ್ಕೆಂದರು, ಆಮೇಲೆ ನನಗೆ ತಡೆಯಲಾಗಲಿಲ್ಲ. ಟೇಬಲ್ ಬಡಿದು ತೋರಿಸಿದೆ, ಮೂಗಿನ ಚಹಾವನ್ನೂ ಬಿಡಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಗೆಳೆಯ ಕಣ್ಣೊರೆಸಿಕೊಳ್ಳುತ್ತಾ ಬಂದು ತಬ್ಬಿಕೊಂಡು, "ಈಗ ನೆನಪಾತೇನಲೇ?" ಎಂದು ಕಿವಿಯಲ್ಲಿ ಕೇಳಿದ. ಕೆಳಗಿಳಿದಾಗ ಬೆಟಗೇರಿಯ ಆ ಮಾಲೀಕ ನನ್ನ ಕೈ ಹಿಡಿದುಕೊಂಡ.

"ನೀವು ಹೇಳಿದ ಮ್ಯಾಲ ನನಗೂ ನೆನಪಾತ್ರಿ ಸರ್. ಚಹಾ ಕೀಬೋರ್ಡಿನ ಮ್ಯಾಲ ಬಿದ್ದಿತ್ತು. ನಾನ ಒರಸಿದ್ದೆ."

ಈಗ ನಾನು ನಿರ್ದೇಶಕ. ನನ್ನ ಹಿಂದಿನ ಗೋಡೆಯ ಮೇಲೆ ಬಿಳಿ ಟೋಪಿಯ ಅವನ ತಂದೆ, ಅವರ ಕೆಳಗೆ ನನ್ನ ಮಾತು. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕತೆ ಕೇಳುತ್ತಾರೆ, ಹೇಳುತ್ತೇನೆ. ಮೊದಮೊದಲು ಅವರು ಹೊರಗೆ ಹೋದ ಮೇಲೆ ಒಬ್ಬನೇ ಕೂತು ಆ ಕಟ್ಟಿಗೆಯ ಬೆಂಚನ್ನು, ನಾನು ಕೇಳಿದ ಪ್ರಶ್ನೆಯನ್ನು ನೆನಪಿಸಿಕೊಳ್ಳುತ್ತಿದ್ದೆ. ಈಗ ನೆನಪಿನೊಳಗೂ ಬೆಂಚಿನ ಜಾಗದಲ್ಲಿ ಕೆಂಪು ಕುರ್ಚಿ ಇದೆ. ಅದರಲ್ಲಿ ಗೆಳೆಯ ಕೂತಿದ್ದಾನೆ, ಎದುರಿಗೆ ನಾನು ನಗುತ್ತಿದ್ದೇನೆ. ಬಾಗಿಲಲ್ಲಿ ಬಿಳಿ ಟೋಪಿಯವರೊಬ್ಬರು ನಿಂತು ಮಗನಿಗೆ ಏನೋ ಹೇಳುತ್ತಿದ್ದಾರೆ. ನನ್ನ ನಗುವಿನ ಸದ್ದಿನಲ್ಲಿ ನನಗೆ ಅದು ಕೇಳಿಸುವುದಿಲ್ಲ.