ಗಾಜಿನೊಳಗಿನ ಬೇವಿನ ಮರ

ಕಟಕೋಳದಿಂದ ಬೈಲಹೊಂಗಲದ ಗಂಡನ ಮನೆಗೆ ನಾನು ಬಂದಾಗ, ಆ ಓಣಿಯಲ್ಲಿ ಗಾಜಿನ ಕಿಟಕಿ ಇದ್ದದ್ದು ನಮ್ಮ ಮನೆಗೊಂದೇ. ಮಾವನವರು ಪುರಾಣ ಹೇಳುವವರು. ಕಣ್ಣು ಮಂಜಾಗಿ, ಪೋಥಿ ಓದಲು ಬೆಳಕು ಸಾಲದೆ, ಬೆಳಗಾವಿಯಿಂದ ಎರಡು ದೊಡ್ಡ ಗಾಜುಗಳನ್ನು ಚಕ್ಕಡಿಯಲ್ಲಿ ಜೋಳದ ಕಣಿಕೆಯ ನಡುವೆ ಇಟ್ಟು ತರಿಸಿದ್ದರು. ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ಹೊಸ ಸೊಸೆಯನ್ನೋ, ಹೊಸ ಗಾಜನ್ನೋ, ನನಗೆ ತಿಳಿಯುತ್ತಿರಲಿಲ್ಲ.

ನಾನು ಬಂದ ವಾರದಲ್ಲೇ ಒಂದು ಗಿಳಿ ಆ ಗಾಜಿಗೆ ಬಡಿದು ಸತ್ತುಬಿತ್ತು. ಆಮೇಲೆ ಎರಡು ಗುಬ್ಬಿ. ಅತ್ತೆಯವರು "ಮನೀಗೆ ಏನೋ ಕೇಡು ಕಾದದ" ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನನ್ನ ಕಾಲ್ಗುಣದ ಮಾತನ್ನು ಅವರು ಎತ್ತಲಿಲ್ಲ. ಆದರೆ ಓಣಿಯವರು ಒಬ್ಬಿಬ್ಬರು ನನ್ನ ಕಡೆ ನೋಡಿದ ರೀತಿಗೆ ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದ್ದುಂಟು.

ಒಂದು ಮುಂಜಾನೆ ತುಳಸಿಗೆ ನೀರು ಹಾಕುತ್ತಿದ್ದಾಗ ಧಪ್ಪೆಂದು ಸದ್ದಾಯಿತು. ಪಿಕಳಾರ ಹಕ್ಕಿಯೊಂದು ಕಿಟಕಿಯ ಕೆಳಗೆ ಬಾಯಿ ತೆರೆದು ಬಿದ್ದಿತ್ತು. ಸೆರಗಿನಲ್ಲಿ ಎತ್ತಿಕೊಂಡೆ. ಜೀವ ಇತ್ತು. ತಲೆಯೆತ್ತಿದರೆ ಗಾಜಿನಲ್ಲಿ ನಮ್ಮ ಅಂಗಳದ ಬೇವಿನ ಮರ, ಅದರ ಮೇಲೆ ಆಕಾಶ, ಎಲ್ಲ ನಿಜದಂತೆಯೇ ಕಂಡಿತು. ಸೊಸೆಯಂದಿರು ಮಾವನೆದುರು ಬಾಯಿ ಬಿಡದ ಕಾಲವದು. ನನಗೆ ಅದು ಮರೆತೇ ಹೋಯಿತು.

"ಮಾವನವರ, ಹೊರಗ ಬಂದು ನೋಡ್ರಿ! ಗಾಜಿನ್ಯಾಗ ಗಿಡ ಕಾಣಸ್ತದ. ಖರೇ ಗಿಡಾನ ಅಂತ ತಿಳದು ಹಾರಿ ಬರ್ತಾವ್ರಿ, ಪಾಪ."

ಅವರು ಬಂದು, ಹಣೆಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದರು. "ಖರೇ ಅದವಾ. ನಾ ಬರೇ ಒಳಗ ಕೂತು ನೋಡಿದೆ. ಈಗೇನು ಮಾಡೂಣು?"

"ಹೊರಗಿನ ಮಗ್ಗಲಕ್ಕ ಸುಣ್ಣದ ಗೆರಿ ಎಳೀತೇನ್ರಿ. ಆದ್ರ ನಿಮಗ ಬೆಳಕು ಕಡಿಮಿ ಆದೀತು."

"ಆಗಲಿ ಬಿಡು. ಕಿಟಕಿ ಹತ್ರ ಸರದು ಕೂಡತೇನಿ."

ಹಕ್ಕಿಯನ್ನು ಬುಟ್ಟಿಯೊಳಗಿಟ್ಟು ಬಟ್ಟೆ ಮುಚ್ಚಿದೆ. ತಾಸಿನ ಮೇಲೆ ತೆರೆದಾಗ ಅದು ನೆಟ್ಟಗೆ ಬೇವಿನ ಮರಕ್ಕೆ ಹಾರಿತು. ಅತ್ತೆಯವರೇ ಸುಣ್ಣಕ್ಕೆ ಅಂಟು ಕಲಸಿಕೊಟ್ಟರು. ಮೊದಲು ಗೇಣಿಗೊಂದು ಗೆರೆ ಎಳೆದೆ. ಮರುದಿನವೇ ಆ ಸಂದಿನಲ್ಲಿ ಮತ್ತೊಂದು ಗುಬ್ಬಿ ಬಡಿಯಿತು. ಎರಡು ಬೆರಳಿಗೊಂದರಂತೆ ಒತ್ತೊತ್ತಾಗಿ ಎಳೆದ ಮೇಲೆಯೇ ಹಕ್ಕಿಗಳು ಬಂದು ಬಡಿಯುವುದು ನಿಂತದ್ದು. "ಗಾಜಿಗೂ ವಿಭೂತಿ ಹಚ್ಯಾರ!" ಎಂದು ಓಣಿಯವರು ನಕ್ಕರು.

ಗೆರೆಗಳ ನೆರಳು ಪೋಥಿಯ ಮೇಲೆ ಬೀಳುತ್ತಿತ್ತು. ಅಕ್ಷರ ಕಾಣದಾದಾಗ ಮಾವನವರು ನನ್ನನ್ನು ಕರೆಯತೊಡಗಿದರು. ನನಗೆ ಓದು ಬರುತ್ತಿರಲಿಲ್ಲ. "ಹ್ಯಾಂಗದ ಅಂತ ಹೇಳು, ಸಾಕು" ಎನ್ನುವರು. ಕೊಂಬು, ಸುಳಿ, ಗೀಟು ಎಂದು ನಾನು ಹೇಳುತ್ತಿದ್ದೆ. ಅವರು ಅಕ್ಷರದ ಹೆಸರು ಹೇಳುತ್ತಿದ್ದರು. ಎರಡು ಚಳಿಗಾಲ ಹಾಗೆಯೇ ಕಳೆದವು. ಒಂದು ಮಧ್ಯಾಹ್ನ ಪೂರಾ ಒಂದು ಸಾಲನ್ನು ನಾನೇ ಗಟ್ಟಿಯಾಗಿ ಓದಿದೆ. ಅತ್ತೆಯವರು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತು, "ಇನ್ನೊಮ್ಮೆ ಓದವಾ" ಎಂದರು.