ಅಪ್ಪನ ಹಾರ್ಮೋನಿಯಂ, ನನ್ನ ಗಂಟಲು

ನಮ್ಮ ಮನೆಯಲ್ಲಿ ಯಾರಾದರೂ ಅತ್ತರೆ ನಾನು ಮೊದಲು ಅವರ ಕೈ ನೋಡುತ್ತಿದ್ದೆ. ಅಮ್ಮ ನಾಟಕದಲ್ಲಿ ಅಳುವಾಗ ಎಡಗೈ ಎದೆಗಿಟ್ಟು ಬಲಗೈಯಲ್ಲಿ ಸೆರಗು ಹಿಡಿಯುತ್ತಿದ್ದಳು. ಸೋದರಮಾವ ತೀರಿಕೊಂಡ ದಿನವೂ ಅದೇ ಎಡಗೈ, ಅದೇ ಸೆರಗು. ಅವಳಿಗೆ ದುಃಖವಿರಲಿಲ್ಲ ಎಂದಲ್ಲ, ಒಡಹುಟ್ಟಿದವನು. ಆದರೂ ಕಣ್ಣೊರೆಸಿಕೊಂಡು ಒಳಗೆ ಬಂದು ಕಾಫಿ ಕೇಳಿದಾಗ, ಇದರಲ್ಲಿ ನಿಜ ಎಷ್ಟು ಎಂದು ಯೋಚಿಸದೆ ಇರಲು ನನಗಾಗಲಿಲ್ಲ. ನಾಟಕದವರ ಮನೆಯಲ್ಲಿ ಬೆಳೆದರೆ ಈ ಕಾಯಿಲೆ ತಪ್ಪುವುದಿಲ್ಲ.

ಬಂಗಾರಪೇಟೆ ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಅಮ್ಮ ರಾಣಿಯ ಪಾತ್ರ ಮಾಡುತ್ತಿದ್ದಳು. ಅಪ್ಪ ನಾಟಕದ ಮೇಷ್ಟ್ರು. ಬೆಳಿಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕಿ ಬಂದರೆ, ಸಂಜೆ ಯಾವುದಾದರೂ ಊರಿನ ರೈತರಿಗೆ ಮಾತು, ಪದ್ಯ ಕಲಿಸಲು ಹೊರಡುತ್ತಿದ್ದ. ನಾಟಕದ ದಿನ ರಂಗದ ಪಕ್ಕ ಕಾಲು ಹಾರ್ಮೋನಿಯಂ ಮುಂದೆ ಕೂರುವವನೂ ಅವನೇ. ಪದ್ಯ ಹೇಳುವವರಲ್ಲಿ ಅರ್ಧ ಜನಕ್ಕೆ ಶ್ರುತಿ ನಿಲ್ಲುತ್ತಿರಲಿಲ್ಲ. ಅಂಥವರು ಮೇಲಿನ ಸ್ವರಕ್ಕೆ ಏರುವ ಹೊತ್ತಿಗೆ ಅಪ್ಪ ತಿದಿಯನ್ನು ಜೋರಾಗಿ ತುಳಿದು ಗಾಳಿ ತುಂಬಿ, ಅವರ ಗಂಟಲು ಹೋಗಬೇಕಾದ ಕಡೆಗೆಲ್ಲ ಹಾರ್ಮೋನಿಯಂ ಕಳಿಸುತ್ತಿದ್ದ. ಹಾಡುವವನು ಬಾಯಿ ತೆರೆದು ಕೈ ಎತ್ತಿದರೆ ಸಾಕು, ಚಪ್ಪಾಳೆ. ನಿಜವಾಗಿ ಹಾಡುವವರು ಬಂದರೆ ಮಾತ್ರ ತಗ್ಗಿಸಿ ನುಡಿಸುತ್ತಿದ್ದ.

ಅಮ್ಮನ ಮಂಡಿ ಕೈಕೊಟ್ಟ ಮೇಲೆ ಅವಳ ಪಾತ್ರಗಳು ನನಗೆ ಬಂದವು. ಚಪ್ಪಾಳೆಯೂ ಬಂತು. ಅದರ ಹಿಂದೆಯೇ ಅನುಮಾನವೂ ಬಂತು. ಅಪ್ಪ ನನಗೆ ಜೋರಾಗಿ ತುಳಿಯುತ್ತಿದ್ದಾನೋ, ತಗ್ಗಿಸುತ್ತಿದ್ದಾನೋ? ಹಾಡುವಾಗ ನನ್ನ ಕಿವಿಗೆ ಎರಡೂ ಬೆರೆತೇ ಕೇಳುತ್ತಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ತರಿಸಿದರೆ ಅದರ ತುಂಬ ಮೈಕಿನ ಕಿರುಚಾಟ. ಅಪ್ಪನನ್ನೇ ಕೇಳಿದೆ.

“ಪದ್ಯ ಚೆಂದಾಗೇ ಏಳ್ತೀಯ ಬುಡಮ್ಮ,” ಎಂದ.

ಕಪ್ಪೆ ಗಂಟಲಿನ ಸೇನಾಧಿಪತಿಗೂ ಅವನು ಇದೇ ಮಾತು ಹೇಳಿದ್ದನ್ನು ನಾನು ಕೇಳಿದ್ದೆ. ಒಮ್ಮೆ ಮುಚ್ಚಿದ ಚಿನ್ನದ ಗಣಿಗಳಿರುವ ಕೋರಮಂಡಲ್ ಕಡೆ ಹೋದಾಗ ಬಯಲಿನಲ್ಲಿ ಒಬ್ಬಳೇ ನಿಂತು ಹಾಡಿ ನೋಡಿದೆ. ಮೇಕೆ ಕಾಯುತ್ತಿದ್ದ ಅಜ್ಜಿ ತಮಿಳಿನಲ್ಲಿ ಚೆನ್ನಾಗಿದೆ ಎಂದಳು. ಬಯಲಲ್ಲಿ ಒಬ್ಬಳೇ ನಿಂತು ಕೂಗುವ ಹುಡುಗಿಯನ್ನು ಯಾರು ತಾನೇ ಕೆಣಕುತ್ತಾರೆ?

ಇಷ್ಟರಲ್ಲಿ ಬೆಂಗಳೂರಿನ ಒಂದು ತಂಡದ ನಿರ್ದೇಶಕಿ ನನ್ನ ನಾಟಕ ನೋಡಿ ಫೋನ್ ಮಾಡಿದರು. ತಂಡಕ್ಕೆ ಸೇರಬೇಕು, ಸೋಮವಾರದೊಳಗೆ ಹೇಳಬೇಕು. ಅವರ ನಾಟಕಗಳಲ್ಲಿ ಹಾರ್ಮೋನಿಯಂ ಇಲ್ಲ, ಬರೀ ಗಂಟಲು. ನನಗೆ ಆಸೆಯೂ ಇತ್ತು, ಭಯವೂ ಇತ್ತು. ಅವರು ಮೆಚ್ಚಿದ್ದು ನನ್ನನ್ನೋ ಅಪ್ಪನ ಕಾಲನ್ನೋ? ಅಲ್ಲಿ ಬಾಯಿ ತೆರೆದಾಗ ಬರೀ ಗಾಳಿ ಬಂದರೆ ಯಾವ ಮುಖ ಹೊತ್ತು ವಾಪಸ್ ಬರುವುದು?

ಭಾನುವಾರ ಮಧ್ಯಾಹ್ನ ಊರಿಗಾಂನಲ್ಲಿ ಗಣಿ ಕಂಪನಿಯ ಹಳೆಯ ಸಭಾಂಗಣದಲ್ಲಿ ನಾಟಕವಿತ್ತು. ಗಂಡನ ಶವದ ಮುಂದೆ ರಾಣಿ ಪದ್ಯ ಹೇಳುವ ದೃಶ್ಯ. ಮೂರನೆಯ ಸಾಲಿಗೆ ಸ್ವರ ಏರಬೇಕು. ಏರಲು ಉಸಿರು ತೆಗೆದುಕೊಂಡೆ, ಹಾರ್ಮೋನಿಯಂ ನಿಂತುಹೋಯಿತು. ತಬಲಾದವನು ಒಂದು ಪೆಟ್ಟು ಹಾಕಿ ಅವನೂ ಸುಮ್ಮನಾದ. ಸಭಾಂಗಣದ ಫ್ಯಾನುಗಳ ಸದ್ದು ಕೇಳಿಸಿತು. ಅಪ್ಪ ಪೆಟ್ಟಿಗೆಯ ಹಿಂದೆ ಬಗ್ಗಿದ್ದ, ಮುಖ ಕಾಣಲಿಲ್ಲ. ಎತ್ತಿದ ಸಾಲನ್ನು ಬಿಡುವಂತಿರಲಿಲ್ಲ, ಹಾಡಿದೆ. ನಾನಂದುಕೊಂಡದ್ದಕ್ಕಿಂತ ಸಣ್ಣ ದನಿ, ಸ್ವಲ್ಪ ಒರಟು. ಆದರೆ ಏರಬೇಕಾದಲ್ಲಿಗೆ ಏರಿತು, ಅಲ್ಲಿಯೇ ನಿಂತಿತು. ಶವವಾಗಿ ಮಲಗಿದ್ದವನು ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದರು. ನಮ್ಮ ಕಡೆಯವರೇನೋ ಎಂದು ಕತ್ತು ಚಾಚಿ ನೋಡಿದೆ, ಗುರುತಿಲ್ಲದ ಮುಖ.

ಬಣ್ಣ ಒರೆಸಿಕೊಳ್ಳುತ್ತ ಅಪ್ಪನನ್ನು ಕೇಳಿದೆ, ಯಾಕೆ ನಿಲ್ಲಿಸಿದೆ ಎಂದು.

“ತಿದಿ ಕಿತ್ತೋಯ್ತು ಕಣಮ್ಮ,” ಎಂದ, ನನ್ನ ಕಡೆ ನೋಡದೆ.

ನಾನು ನಂಬಲಿಲ್ಲ. ಬೇಕೆಂದೇ ನಿಲ್ಲಿಸಿದ್ದಾನೆ, ನನ್ನ ಮೇಲೆ ಭರವಸೆಯಿಟ್ಟು ಕೈಬಿಟ್ಟಿದ್ದಾನೆ, ಹೇಳಲು ಸಂಕೋಚ ಅಷ್ಟೇ. ಮನೆ ಸೇರುವವರೆಗೂ ಹಾಗೆಯೇ ಅಂದುಕೊಂಡು ಹಿಗ್ಗಿದೆ. ಜೀವನದಲ್ಲಿ ಖುಷಿಪಟ್ಟು ಅನುಮಾನಿಸಿದ್ದು ಅದೊಂದೇ ಸಲ.

ಮಾರನೆಯ ಬೆಳಿಗ್ಗೆ ಅಪ್ಪ ಡೇರಿಗೆ ಹೋದಾಗ ಸ್ಕ್ರೂ ಬಿಚ್ಚಿ ಹಾರ್ಮೋನಿಯಂನ ಹಿಂದಿನ ಹಲಗೆ ತೆಗೆದೆ. ತಿದಿ ನಿಜವಾಗಿಯೂ ಹರಿದಿತ್ತು. ಮಡಿಕೆಯುದ್ದಕ್ಕೂ, ಬಾಯಿ ಬಿಟ್ಟುಕೊಂಡು. ಮೇಲಿನ ಸ್ವರಕ್ಕೆ ನನ್ನನ್ನು ಎತ್ತಲು ಅಷ್ಟು ಜೋರಾಗಿ ತುಳಿದಿದ್ದ.

ಖಾಲಿ ಕ್ಯಾನು ಹಿಡಿದು ಬಂದ ಅಪ್ಪ ಬಾಗಿಲಲ್ಲಿ ನಿಂತ. ನನ್ನ ಕೈಯಲ್ಲಿದ್ದ ಹಲಗೆ ನೋಡಿದ.

“ನಿನ್ ಗಂಟ್ಲು ಒಂದೇ ನಿಲ್ತದೆ ಅಂತ ನಂಗೆ ನಂಬ್ಕೆ ಇರ್ಲಿಲ್ಲ ಕಣಮ್ಮ,” ಎಂದ. “ಇಷ್ಟ್ ವರ್ಸ ಸುಮ್ಸುಮ್ಕೆ ತುಳ್ದೆ.”

ಮೊದಲ ಮಾತಿಗೆ ಕಣ್ಣು ತುಂಬಿತು, ಕೋಪವೂ ಬಂತು. ಆದರೆ ಅವನ ಕೈ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ. ಹಲಗೆ ಕೆಳಗಿಟ್ಟು, ಅವನೆದುರೇ ಬೆಂಗಳೂರಿಗೆ ಫೋನ್ ಮಾಡಿ, ಬರುತ್ತೇನೆ ಎಂದೆ.